ಮೊದಲ ಟ್ಯೂಬಿನಲ್ಲಿ ಉಳಿದಿದ್ದ ಸೀರಮ್: ‘ನಾರ್ಮಲ್’ ಬಿ12 ಮತ್ತು ಪರ್ನಿಶಿಯಸ್ ಅನೀಮಿಯಾ

ರೋಗಿ 54 ವರ್ಷದ ಮಹಿಳೆ, ಊರು ಧಾರವಾಡದ ಹತ್ತಿರ. ಖಾನಾವಳಿಯೊಂದಕ್ಕೆ ದಿನಾಲೂ ನೂರೈವತ್ತು ಜೋಳದ ರೊಟ್ಟಿ ಬಡಿದು ಕೊಡುವುದು ಅವರ ಕಸುಬು. ಎಂಟು ತಿಂಗಳಿಂದ ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು. ಆದರೆ ಅವರು ದವಾಖಾನೆಗೆ ಬಂದದ್ದು ಸುಸ್ತಿಗಲ್ಲ, ಕೈಗೆ. ಬೆರಳ ತುದಿಗೆ ಹಿಟ್ಟಿನ ದಪ್ಪ ತಿಳಿಯದಾಗಿತ್ತು. ರೊಟ್ಟಿ ಒಂದು ಮಗ್ಗುಲು ದಪ್ಪ ಉಳಿದು, ಇನ್ನೊಂದು ಮಗ್ಗುಲು ತೆಳುವಾಗಿ, ಹಂಚಿಗೆ ಹಾಕುವಾಗಲೇ ಹರಿಯುತ್ತಿತ್ತು. “ಹತ್ತಿ ಮ್ಯಾಲೆ ನಡದಂಗ ಆಗ್ತೈತ್ರಿ, ಚಪ್ಪಲಿ ಕಾಲಿಂದ ಜಾರಿದ್ದೂ ಗೊತ್ತಾಗಂಗಿಲ್ರಿ” ಎಂಬುದು ಅವರ ಮಾತು. ಬೆಳಗ್ಗೆ ಕಣ್ಣು ಮುಚ್ಚಿ ಮುಖ ತೊಳೆಯುವಾಗ ಎರಡು ಸಲ ಮುಂದಕ್ಕೆ ವಾಲಿ ನಲ್ಲಿ ಹಿಡಿದುಕೊಂಡಿದ್ದರು. ಖಾರ ತಾಗಿದರೆ ನಾಲಿಗೆ ಉರಿ.

ಇದು ಒಬ್ಬ ವ್ಯಕ್ತಿಯ ಕಡತವಲ್ಲ, ಕಲಿಕೆಗೆಂದು ಕಟ್ಟಿದ ಪ್ರಕರಣ. ಕಾಯಿಲೆ ಪರ್ನಿಶಿಯಸ್ ಅನೀಮಿಯಾ: ಜಠರ ಕೆಟ್ಟು ಬಿ12 ಹೀರಿಕೆಯಾಗದೆ ಬರುವ ರಕ್ತಹೀನತೆ. ಅಂಕಿಗಳು ಇಂಥ ರೋಗಿಗಳಲ್ಲಿ ಸಾಮಾನ್ಯವಾಗಿ ಕಾಣುವ ಮಟ್ಟದವು. ಇದರೊಳಗಿನ ಒಂದೊಂದು ಎಡವಟ್ಟೂ ಲ್ಯಾಬುಗಳಲ್ಲಿ ನಿಜವಾಗಿ ಆಗುವಂಥದ್ದೇ.

ಹಿನ್ನೆಲೆಯಲ್ಲಿ ಹಾಶಿಮೋಟೊ ಥೈರಾಯ್ಡ್ ಉರಿಯೂತ, ಅಂದರೆ ದೇಹದ ರೋಗನಿರೋಧಕ ವ್ಯವಸ್ಥೆಯೇ ಥೈರಾಯ್ಡಿನ ಮೇಲೆ ಬೀಳುವ ಕಾಯಿಲೆ. 9 ವರ್ಷದಿಂದ ಥೈರಾಯ್ಡ್ ಗುಳಿಗೆ ಲೆವೊಥೈರಾಕ್ಸಿನ್ 75 ಮೈಕ್ರೋಗ್ರಾಂ. ‘ಗ್ಯಾಸ್’ ಎಂದು ಆಗಾಗ ಆಮ್ಲ ತಡೆಯುವ ಪ್ಯಾಂಟೊಪ್ರಜೋಲ್ ಗುಳಿಗೆ. ಬಿ12 ಇಳಿಸಬಲ್ಲ ಮಧುಮೇಹದ ಗುಳಿಗೆ ಮೆಟ್‌ಫಾರ್ಮಿನ್ ಇಲ್ಲ, ಹೊಟ್ಟೆಯ ಶಸ್ತ್ರಚಿಕಿತ್ಸೆ ಆಗಿಲ್ಲ. ಹುಟ್ಟಿನಿಂದ ಸಸ್ಯಾಹಾರಿ, ಆದರೆ ಹಾಲು, ಮೊಸರು, ಮಜ್ಜಿಗೆ ಸೇರಿ ದಿನಕ್ಕೆ ಸುಮಾರು ಅರ್ಧ ಲೀಟರ್ ಹಾಲಿನಷ್ಟು ಹೊಟ್ಟೆಗೆ ಹೋಗುತ್ತಿತ್ತು. ಈ ಅರ್ಧ ಲೀಟರನ್ನು ಯಾರಾದರೂ ಕೇಳಿ ಬರೆದುಕೊಳ್ಳಬೇಕು. ಹಾಲಿನಲ್ಲಿ 100 ಮಿ.ಲೀ.ಗೆ ಸುಮಾರು 0.4 ಮೈಕ್ರೋಗ್ರಾಂ ಬಿ12 ಇರುತ್ತದೆ. ಕಾಯಿಸಿದಾಗ ಒಂದಷ್ಟು ಹಾಳಾದರೂ ದಿನದ ಅಗತ್ಯವಾದ 2 ಮೈಕ್ರೋಗ್ರಾಂ ಆಸುಪಾಸಿನ ದೊಡ್ಡ ಪಾಲು ಸಿಗುತ್ತದೆ. ಇಷ್ಟು ಹಾಲುಂಡವರಲ್ಲಿ ನರಕ್ಕೆ ಪೆಟ್ಟು ಬೀಳುವ ಮಟ್ಟದ ಕೊರತೆ ಕಂಡರೆ ‘ಸಸ್ಯಾಹಾರಿ ಅಲ್ವಾ’ ಎಂದು ಪೆನ್ನು ಮುಚ್ಚುವಂತಿಲ್ಲ. ಕರ್ನಾಟಕದಲ್ಲಿ ಈ ಕಾಯಿಲೆ ತಪ್ಪಿಹೋಗುವ ಮೊದಲ ಕಾರಣ ಇದೇ: ಆಹಾರದ ಕೊರತೆ ನಮ್ಮಲ್ಲಿ ಅಷ್ಟು ಸಾಮಾನ್ಯ, ಜಠರದ ಕಾಯಿಲೆಯ ಕಡೆ ಕಣ್ಣೇ ಹೋಗುವುದಿಲ್ಲ.

ಮೊದಲ ದಿನದ ರಿಪೋರ್ಟು

ಊರಿನ ಕಲೆಕ್ಷನ್ ಸೆಂಟರಿನಲ್ಲಿ ಬೆಳಗ್ಗೆ ರಕ್ತ ತೆಗೆದದ್ದು ಎರಡು ಟ್ಯೂಬಿಗೆ: ರಕ್ತಕಣ ಎಣಿಕೆಗೆ ನೇರಳೆ ಮುಚ್ಚಳದ ಇಡಿಟಿಎ, ಸೀರಮ್‌ಗೆ (ಹೆಪ್ಪುಗಟ್ಟಿದ ರಕ್ತದ ತಿಳಿಗೆ) ಹಳದಿ ಮುಚ್ಚಳದ ಜೆಲ್ ಟ್ಯೂಬು. ಹಿಮೋಗ್ಲೋಬಿನ್ 8.1 ಗ್ರಾಂ, ಎಂಸಿವಿ (ಕೆಂಪುಕಣದ ಸರಾಸರಿ ಗಾತ್ರ) 108 ಫೆಮ್ಟೊಲೀಟರ್, ಬಿಳಿ ರಕ್ತಕಣ 3,400, ಪ್ಲೇಟ್‌ಲೆಟ್ 1.18 ಲಕ್ಷ. ಟಿಎಸ್‌ಎಚ್ (ಥೈರಾಯ್ಡಿನ ಅಳತೆ) 6.8. ಕ್ರಿಯಾಟಿನಿನ್ (ಕಿಡ್ನಿಯ ಅಳತೆ) 0.8. ಬಿ12 ಮಾತ್ರ 412 ಪಿಕೋಗ್ರಾಂ. ಆ ಲ್ಯಾಬಿನ ಮಿತಿ 211ರಿಂದ 911. ರಿಪೋರ್ಟಿನಲ್ಲಿ ದಪ್ಪಕ್ಷರವೂ ಇಲ್ಲ, ನಕ್ಷತ್ರವೂ ಇಲ್ಲ.

ಎರಡನೇ ದಿನ ಊರಿನ ಕ್ಲಿನಿಕ್‌ನಲ್ಲಿ ‘ನರದ ವೀಕ್‌ನೆಸ್’ಗೆಂದು ಒಂದು ಸೂಜಿ ಬಿತ್ತು. ಬಿ ಜೀವಸತ್ವಗಳ ಮಿಶ್ರಣ, ಅದರಲ್ಲಿ ಬಿ12 1000 ಮೈಕ್ರೋಗ್ರಾಂ. ನಾಲ್ಕನೇ ದಿನ ಜಿಲ್ಲಾ ಮಟ್ಟದ ಆಸ್ಪತ್ರೆಗೆ ಬಂದರು. ಅಲ್ಲಿ ರಕ್ತದ ಲೇಪವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು: ಮೊಟ್ಟೆಯಾಕಾರದ ದೊಡ್ಡ ಕೆಂಪುಕಣಗಳು, 6 ಹಾಲೆಯ ಕೋಶಕೇಂದ್ರದ ಬಿಳಿ ರಕ್ತಕಣ, ಅಂದರೆ ನ್ಯೂಟ್ರೋಫಿಲ್‌ಗಳು. 100 ನ್ಯೂಟ್ರೋಫಿಲ್ ಎಣಿಸಿದಾಗ 5 ಅಥವಾ ಅದಕ್ಕಿಂತ ಹೆಚ್ಚು ಹಾಲೆಯವು 14. ನೂರರಲ್ಲಿ ಇಂಥವು 5 ದಾಟಿದರೆ ಅಸಹಜ. ಎಲ್‌ಡಿಎಚ್ 1,480 ಯೂನಿಟ್, ಪರೋಕ್ಷ ಬಿಲಿರುಬಿನ್ 1.9 (ಎರಡೂ ಕಣಗಳು ಒಡೆದಾಗ ಏರುತ್ತವೆ), ರೆಟಿಕ್ಯುಲೊಸೈಟ್ (ಹೊಸ ಕೆಂಪುಕಣ) ಬರೀ 1.0%. ಅಂದರೆ ಮಜ್ಜೆ ದುಡಿಯುತ್ತಿದೆ, ದುಡಿದದ್ದು ಒಳಗೇ ಸಾಯುತ್ತಿದೆ. 128 ಹರ್ಟ್ಸ್ ಟ್ಯೂನಿಂಗ್ ಫೋರ್ಕಿನ ಕಂಪನ ಎರಡೂ ಕಾಲಿನ ಹೆಬ್ಬೆರಳಿಗೆ ತಿಳಿಯದು, ಕಣ್ಣು ಮುಚ್ಚಿ ನಿಲ್ಲಿಸಿದರೆ ತೂರಾಟ.

ಈ ಚಿತ್ರ ಮೆಗಲೋಬ್ಲಾಸ್ಟಿಕ್ ಅನೀಮಿಯಾದ್ದು, ಅಂದರೆ ಬಿ12 ಅಥವಾ ಫೋಲೇಟ್ ಕೊರತೆಯಿಂದ ಕಣಗಳು ದೊಡ್ಡದಾಗುವ ರಕ್ತಹೀನತೆಯದು. ಫೋಲೇಟ್ 11 ನ್ಯಾನೋಗ್ರಾಂ, ಸಾಕಷ್ಟಿದೆ. ಹಾಗಾದರೆ 412 ಎಂಬ ಅಂಕಿಯನ್ನು ನಂಬುವುದೋ, ಲೇಪವನ್ನು ನಂಬುವುದೋ? ಇಂಥ ಕಡೆ ಲೇಪದ ಮಾತೇ ಮೇಲು. ಯಂತ್ರ ಕೊಡುವ ಅಂಕಿ ಒಂದು ರಾಸಾಯನಿಕ ಕ್ರಿಯೆಯ ಫಲ, ಆ ಕ್ರಿಯೆಯನ್ನು ಕೆಡಿಸುವ ವಸ್ತು ಇದೇ ರೋಗಿಯ ರಕ್ತದಲ್ಲಿ ಇರಬಹುದು.

ಬಿ12 ಯಂತ್ರ ಮೋಸಹೋಗುವ ಬಗೆ

ಜಠರದ ಮೇಲ್ಭಾಗ ಮತ್ತು ಮಧ್ಯಭಾಗದ ಪರೈಟಲ್ ಕೋಶಗಳು ಆಮ್ಲದ ಜೊತೆಗೆ ಇಂಟ್ರಿನ್ಸಿಕ್ ಫ್ಯಾಕ್ಟರ್ ಎಂಬ ಪ್ರೋಟೀನನ್ನೂ ಸುರಿಸುತ್ತವೆ. ಬಿ12 ಇದಕ್ಕೆ ಅಂಟಿಕೊಂಡು ಸಣ್ಣಕರುಳಿನ ಕೊನೆಯ ಭಾಗದಲ್ಲಿ ಹೀರಲ್ಪಡುತ್ತದೆ. ಪರ್ನಿಶಿಯಸ್ ಅನೀಮಿಯಾದಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆ ಈ ಕೋಶಗಳನ್ನು ನಾಶ ಮಾಡುತ್ತದೆ, ಉಳಿದ ಇಂಟ್ರಿನ್ಸಿಕ್ ಫ್ಯಾಕ್ಟರ್‌ಗೂ ಆಂಟಿಬಾಡಿ ಕಟ್ಟುತ್ತದೆ. ಮೊದಲ ಬಗೆಯ ಆಂಟಿಬಾಡಿ ಬಿ12 ಕೂರುವ ಜಾಗವನ್ನೇ ಮುಚ್ಚುತ್ತದೆ, ಹಾಗಾಗಿ ಅದಕ್ಕೆ ಬ್ಲಾಕಿಂಗ್ ಎಂಬ ಹೆಸರು. ಎರಡನೇ ಬಗೆಯದಕ್ಕೆ ಬೈಂಡಿಂಗ್ ಎನ್ನುತ್ತಾರೆ. ಅದು ಬೇರೆ ಜಾಗದಲ್ಲಿ ಅಂಟಿ, ಬಿ12 ಹೊತ್ತ ಇಂಟ್ರಿನ್ಸಿಕ್ ಫ್ಯಾಕ್ಟರ್ ಕರುಳಿನ ಗ್ರಾಹಕಕ್ಕೆ ತಾಗದಂತೆ ತಡೆಯುತ್ತದೆ.

ಈಗಿನ ಬಹುತೇಕ ಆಟೊ ಅನಲೈಸರ್‌ಗಳು ಬಿ12 ಅಳೆಯಲು ಬಳಸುವ ಹಿಡಿಕೆಯೂ ಇಂಟ್ರಿನ್ಸಿಕ್ ಫ್ಯಾಕ್ಟರೇ. ರೋಗಿಯ ಬಿ12 ಮತ್ತು ಯಂತ್ರದ, ಬೆಳಕು ಕೊಡುವ ಗುರುತು ಹಚ್ಚಿದ ಬಿ12 ಎರಡೂ ಸೀಮಿತ ಪ್ರಮಾಣದ ಇಂಟ್ರಿನ್ಸಿಕ್ ಫ್ಯಾಕ್ಟರ್‌ಗೆ ಪೈಪೋಟಿ ಮಾಡುತ್ತವೆ. ಗುರುತಿನದು ಕಡಿಮೆ ಹಿಡಿದರೆ ಬೆಳಕು ಕಡಿಮೆ, ಬೆಳಕು ಕಡಿಮೆಯಾದರೆ ‘ರೋಗಿಯ ಬಿ12 ಹೆಚ್ಚು’ ಎಂದು ಯಂತ್ರದ ಲೆಕ್ಕ. ಈಗ ರೋಗಿಯ ಸೀರಮ್‌ನಲ್ಲಿ ಬ್ಲಾಕಿಂಗ್ ಆಂಟಿಬಾಡಿ ಇದ್ದರೆ ಅದು ರೀಏಜೆಂಟಿನ ಇಂಟ್ರಿನ್ಸಿಕ್ ಫ್ಯಾಕ್ಟರನ್ನೂ ಮುಚ್ಚುತ್ತದೆ. ಗುರುತಿನ ಬಿ12ಕ್ಕೆ ಜಾಗವಿಲ್ಲ, ಬೆಳಕಿಲ್ಲ. ಖಾಲಿ ರಕ್ತಕ್ಕೆ ತುಂಬಿದ ರಿಪೋರ್ಟು ಬರುತ್ತದೆ.

ಹಳೆಯ ರೇಡಿಯೊ ವಿಧಾನದಲ್ಲಿ ಸೀರಮನ್ನು ಕುದಿಸುವ ಹಂತವಿತ್ತು, ಆ ಕಾವಿಗೆ ಆಂಟಿಬಾಡಿ ಹಾಳಾಗುತ್ತಿತ್ತು. ಯಂತ್ರಗಳು ಬಂದ ಮೇಲೆ ಕುದಿಸುವ ಬದಲು ಬಲವಾದ ಕ್ಷಾರ ಬಳಕೆಗೆ ಬಂತು. ಹೆಚ್ಚಿನ ಆಂಟಿಬಾಡಿ ಅದರಿಂದ ಸಾಯುತ್ತದೆ, ತೀರಾ ಹೆಚ್ಚು ಪ್ರಮಾಣದಲ್ಲಿದ್ದರೆ ಒಂದಷ್ಟು ಉಳಿಯುತ್ತದೆ. 2012ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಪರ್ನಿಶಿಯಸ್ ಅನೀಮಿಯಾ ಇದ್ದ 23 ರೋಗಿಗಳ ಸೀರಮ್ ಮೂರು ಕಂಪನಿಗಳ ಯಂತ್ರಗಳಲ್ಲಿ ಓಡಿಸಿದಾಗ ನೂರಕ್ಕೆ 22ರಿಂದ 35ರಷ್ಟು ಫಲಿತಾಂಶಗಳು ಸುಳ್ಳು ನಾರ್ಮಲ್ ಆಗಿದ್ದವು. ಆ ನಂತರ ಕಿಟ್‌ಗಳು ಬದಲಾಗಿವೆ, ಆದರೆ ಬಿ12 ಒಂದನ್ನೇ ನಂಬಿ ಈ ಕಾಯಿಲೆಯನ್ನು ತಳ್ಳಿಹಾಕುವ ಕಾಲ ಬಂದಿಲ್ಲ.

ಇದೇ ಜಾಡಿನಲ್ಲಿ ಇನ್ನೊಂದು ಪ್ರಶ್ನೆ ಕೇಳಬೇಕು: ಕೂದಲು ಉದುರುತ್ತದೆ ಎಂದು ಬಯೋಟಿನ್ ಗುಳಿಗೆ ನುಂಗುತ್ತಿದ್ದಾರೆಯೇ? ಬಯೋಟಿನ್ ಮತ್ತು ಸ್ಟ್ರೆಪ್ಟಾವಿಡಿನ್ ಜೋಡಿ ಬಳಸುವ ಪೈಪೋಟಿ ಮಾದರಿಯ ಯಂತ್ರಗಳಲ್ಲಿ 5 ಅಥವಾ 10 ಮಿ.ಗ್ರಾಂ. ಗುಳಿಗೆಯೂ ಬಿ12 ಅಂಕಿಯನ್ನು ಮೇಲೆತ್ತಬಲ್ಲದು. ಈ ರೋಗಿ ತೆಗೆದುಕೊಂಡಿರಲಿಲ್ಲ.

ನಾಲ್ಕನೇ ದಿನದ ಸ್ಯಾಂಪಲ್, ಮತ್ತು ಅದರ ಮೇಲಿನ ಅನುಮಾನ

ಆಸ್ಪತ್ರೆಯಲ್ಲಿ ಹೊಸದಾಗಿ ರಕ್ತ ತೆಗೆದು ಇಂಟ್ರಿನ್ಸಿಕ್ ಫ್ಯಾಕ್ಟರ್ ಆಂಟಿಬಾಡಿ ಬರೆದರು. ಬಿ12 ಈಗ 2000ಕ್ಕೂ ಮೇಲೆ. ಎರಡು ದಿನದ ಹಿಂದಿನ ಸೂಜಿಯ ಫಲ. ಆಂಟಿಬಾಡಿ ಪಾಸಿಟಿವ್. ಎಲ್ಲರಿಗೂ ಸಮಾಧಾನವಾಗಬೇಕಿತ್ತು. ಆದರೆ ಲ್ಯಾಬಿನ ವೈದ್ಯರು ರಿಪೋರ್ಟನ್ನು ತಡೆಹಿಡಿದರು, ಅವರು ಮಾಡಿದ್ದು ಸರಿ.

ಕಾರಣ ಪರೀಕ್ಷೆಯ ವಿನ್ಯಾಸದಲ್ಲಿದೆ. ಯಂತ್ರದಲ್ಲಿ ಓಡುವ ಬ್ಲಾಕಿಂಗ್ ಆಂಟಿಬಾಡಿ ಪರೀಕ್ಷೆಯೂ ಪೈಪೋಟಿಯದ್ದೇ: ಇಂಟ್ರಿನ್ಸಿಕ್ ಫ್ಯಾಕ್ಟರ್‌ನಲ್ಲಿ ಬಿ12 ಕೂರುವ ಜಾಗ ಖಾಲಿ ಇದೆಯೇ ಎಂದು ನೋಡುವುದು ಅದರ ಕೆಲಸ. ಜಾಗ ಮುಚ್ಚಿದ್ದು ಆಂಟಿಬಾಡಿಯೋ, ಸೂಜಿಯಿಂದ ಬಂದು ರಕ್ತದಲ್ಲಿ ತುಂಬಿಕೊಂಡ ಬಿ12ವೋ ಎಂಬುದು ಅದಕ್ಕೆ ಗೊತ್ತಾಗದು. ಆದ್ದರಿಂದ ಸೂಜಿ ಬಿದ್ದ ಹೊಸತರಲ್ಲಿ ತೆಗೆದ ರಕ್ತದಲ್ಲಿ ಸುಳ್ಳು ಪಾಸಿಟಿವ್ ಬರಬಹುದು. ಒಂದೆರಡು ವಾರ ಬಿಟ್ಟು ತೆಗೆಯಿರಿ ಎಂದು ಕಿಟ್‌ಗಳು ಹೇಳುತ್ತವೆ. ಆದರೆ ನರಕ್ಕೆ ಪೆಟ್ಟು ಬಿದ್ದವರಿಗೆ ಎರಡು ವಾರ ಚಿಕಿತ್ಸೆ ನಿಲ್ಲಿಸುವುದು ಅಕ್ಷಮ್ಯ. ಪರೀಕ್ಷೆಗೋಸ್ಕರ ಸೂಜಿ ತಡೆಯಬಾರದು. ಇದರಲ್ಲಿ ಎರಡು ಮಾತಿಲ್ಲ.

ಆಸ್ಪತ್ರೆಯಿಂದ ಊರಿನ ಲ್ಯಾಬಿಗೆ ಫೋನು ಹೋಯಿತು. ಕೇಳಿದ್ದು ಒಂದೇ: ಮೊದಲ ದಿನದ ಹಳದಿ ಟ್ಯೂಬು ಎಸೆದಿದ್ದೀರಾ? ಎಸೆದಿರಲಿಲ್ಲ. ಆ ಲ್ಯಾಬಿನಲ್ಲಿ ಸೀರಮ್ ಟ್ಯೂಬುಗಳನ್ನು 7 ದಿನ, 2ರಿಂದ 8 ಡಿಗ್ರಿ ಫ್ರಿಜ್ಜಿನಲ್ಲಿ, ತಾರೀಖಿನ ರ‍್ಯಾಕಿನಲ್ಲಿ ಇಡುವ ರೂಢಿ ಇತ್ತು. ರಕ್ತ ತೆಗೆದ ಒಂದು ತಾಸಿನೊಳಗೆ ಸೆಂಟ್ರಿಫ್ಯೂಜ್ ಆಗಿದ್ದ, ಮುಚ್ಚಳ ಹಾಕಿ ಕತ್ತಲಲ್ಲಿಟ್ಟಿದ್ದ ಟ್ಯೂಬಿನಲ್ಲಿ ಜೆಲ್ ಮೇಲೆ ಸುಮಾರು 900 ಮೈಕ್ರೋಲೀಟರ್ ಸೀರಮ್ ಉಳಿದಿತ್ತು. ಐಸ್ ಪ್ಯಾಕ್ ಜೊತೆ ಅದೇ ಸಂಜೆ ಬಂತು. ಸೂಜಿ ಬೀಳುವ ಮುಂಚಿನ ರಕ್ತ ಎಂದರೆ ಜಗತ್ತಿನಲ್ಲಿ ಇದ್ದದ್ದು ಅಷ್ಟೇ.

900 ಮೈಕ್ರೋಲೀಟರನ್ನು ಹಂಚುವುದು

ಇಂಥ ಹೊತ್ತಿನಲ್ಲಿ ಟ್ಯೂಬನ್ನು ನೇರ ಯಂತ್ರಕ್ಕೆ ಕೂರಿಸಿದರೆ ಯಂತ್ರದ ಡೆಡ್ ವಾಲ್ಯೂಮಿಗೇ (ಅಳೆಯಲು ಸಿಗದೆ ತಳದಲ್ಲುಳಿಯುವ ಪಾಲಿಗೇ) ಕಾಲುಪಾಲು ಹೋಗುತ್ತದೆ. ಮೊದಲು ಹಂಚಿಕೆ ಬರೆದುಕೊಳ್ಳಬೇಕು. ಇಲ್ಲಿ ಮಾಡಿದ್ದು ಹೀಗೆ: ಮಿಥೈಲ್‌ಮೆಲೋನಿಕ್ ಆಮ್ಲಕ್ಕೆ (ಎಂಎಂಎ, ಬಿ12 ಇಲ್ಲದಾಗ ಏರುವ ವಸ್ತು) 400 ಮೈಕ್ರೋಲೀಟರ್ ಬೇರೆ ಟ್ಯೂಬಿಗೆ ತೆಗೆದು ಮೈನಸ್ 20 ಡಿಗ್ರಿಗೆ, ಆಂಟಿಬಾಡಿ ತೆಗೆದು ಬಿ12 ಅಳೆಯುವ ಪಿಇಜಿ ಪರೀಕ್ಷೆಗೆ 200, ಯಂತ್ರದ ಬ್ಲಾಕಿಂಗ್ ಪರೀಕ್ಷೆಗೆ ಮೈಕ್ರೋ ಕಪ್ಪಿನಲ್ಲಿ 200, ಎಲೈಸಾಗೆ (ಆಂಟಿಬಾಡಿಯನ್ನು ಬಣ್ಣದಿಂದ ಪತ್ತೆಮಾಡುವ ಪರೀಕ್ಷೆಗೆ) ಹತ್ತತ್ತರಂತೆ ಎರಡು ಸಲ. ಪರೈಟಲ್ ಕೋಶದ ಆಂಟಿಬಾಡಿಗೆ ಸೂಜಿಯ ಬಿ12ದಿಂದ ತೊಂದರೆ ಇಲ್ಲ, ಅದನ್ನು ನಾಲ್ಕನೇ ದಿನದ ಸೀರಮ್‌ನಲ್ಲೇ ಮಾಡಬಹುದು. ಬಿ12 ಕೊರತೆಯಲ್ಲಿ ಏರುವ ಹೋಮೋಸಿಸ್ಟೀನ್ ಪರೀಕ್ಷೆಯನ್ನು ಬಿಟ್ಟರು. ಅದಕ್ಕೆ ರಕ್ತವನ್ನು ತೆಗೆದ ಕೂಡಲೇ ಐಸಿನಲ್ಲಿಟ್ಟು ಬೇಗ ಬೇರ್ಪಡಿಸಬೇಕು. ಇಲ್ಲದಿದ್ದರೆ ಕೆಂಪುಕಣಗಳಿಂದ ಸೋರಿ ಅಂಕಿ ಸುಮ್ಮನೆ ಏರುತ್ತದೆ.

ಪಿಇಜಿ ಪರೀಕ್ಷೆ ಅಗ್ಗದ್ದು, ಯಾವ ಲ್ಯಾಬಾದರೂ ಮಾಡಬಹುದು. ಪಾಲಿಎಥಿಲೀನ್ ಗ್ಲೈಕಾಲ್ 6000ರ 25% ದ್ರಾವಣವನ್ನು ಸೀರಮ್‌ಗೆ ಸಮಪಾಲು, ಅಂದರೆ 200ಕ್ಕೆ 200 ಮೈಕ್ರೋಲೀಟರ್ ಬೆರೆಸಿ, ಚೆನ್ನಾಗಿ ಕಲಕಿ, 10 ನಿಮಿಷ ಕೋಣೆಯ ಉಷ್ಣತೆಯಲ್ಲಿಟ್ಟು, ಸೆಂಟ್ರಿಫ್ಯೂಜ್ ಮಾಡಿದರೆ ಆಂಟಿಬಾಡಿಗಳು ಬಿಳಿ ಗಸಿಯಾಗಿ ತಳ ಸೇರುತ್ತವೆ. ಮೇಲಿನ ತಿಳಿಯಲ್ಲಿ ಬಿ12 ಅಳೆದು ಎರಡರಿಂದ ಗುಣಿಸಬೇಕು. ಗಸಿ ಪಿಪೆಟ್ಟಿಗೆ ಬಂದರೆ ಫಲಿತಾಂಶ ಕೆಟ್ಟಿತು, ಹಾಗಾಗಿ ತಳದಿಂದ ಮೇಲೆಯೇ ನಿಲ್ಲಿಸಬೇಕು. ಪಿಇಜಿ ಬಿ12ದ ವಾಹಕ ಪ್ರೋಟೀನುಗಳನ್ನೂ ಒಂದಷ್ಟು ಎಳೆದುಕೊಂಡು ಹೋಗುವುದರಿಂದ ಆರೋಗ್ಯವಂತರ ಐದು ಸೀರಮ್‌ಗಳನ್ನು ಜೊತೆಗೇ ಓಡಿಸುವುದು ಕಡ್ಡಾಯ. ಹೋಲಿಕೆಯಿಲ್ಲದ ಪಿಇಜಿ ಅಂಕಿಗೆ ಬೆಲೆಯಿಲ್ಲ. ಇಲ್ಲಿ ಆ ಐದರಲ್ಲಿ 78ರಿಂದ 96% ಮರಳಿ ಸಿಕ್ಕಿತು. ರೋಗಿಯ ತಿಳಿಯಲ್ಲಿ 46, ಗುಣಿಸಿದರೆ 92 ಪಿಕೋಗ್ರಾಂ. 412ರ 22% ಮಾತ್ರ.

ಇಲ್ಲಿ ಅವಸರ ಮಾಡಬಾರದು. ಪಿಇಜಿ ನಂತರ ಬಿ12 ಕುಸಿದರೆ ಅದಕ್ಕೆ ಇನ್ನೊಂದು ವಿವರಣೆಯೂ ಇದೆ, ಮ್ಯಾಕ್ರೋ ಬಿ12. ಕೆಲವರ ರಕ್ತದಲ್ಲಿ ಬಿ12 ಹೊತ್ತ ವಾಹಕ ಪ್ರೋಟೀನೇ ಆಂಟಿಬಾಡಿಯೊಂದಿಗೆ ಗಂಟುಬಿದ್ದು ಓಡಾಡುತ್ತಿರುತ್ತದೆ. ಅದೂ ಪಿಇಜಿಗೆ ತಳ ಸೇರುತ್ತದೆ, ಆದರೆ ಅವರಿಗೆ ಕೊರತೆಯೇನೂ ಇರಬೇಕಾಗಿಲ್ಲ. ಎರಡನ್ನೂ ಬೇರ್ಪಡಿಸುವುದು ಎಂಎಂಎ. ಬಿ12 ಇಲ್ಲದೆ ಜೀವಕೋಶದಲ್ಲಿ ಈ ಆಮ್ಲ ಮುಂದಿನ ಹಂತಕ್ಕೆ ಹೋಗದೆ ರಾಶಿ ಬೀಳುತ್ತದೆ. ಮೊದಲ ಟ್ಯೂಬಿನಲ್ಲಿ ಇದು 5.8 ಮೈಕ್ರೋಮೋಲ್, ಮಿತಿ ಸುಮಾರು 0.4. ಕಿಡ್ನಿ ಸೋತವರಲ್ಲೂ ಎಂಎಂಎ ಏರುತ್ತದೆ, ಆದರೆ ಇವರ ಕ್ರಿಯಾಟಿನಿನ್ ಸರಿಯಿತ್ತು. ಕೊರತೆ ನಿಜ, 412 ಸುಳ್ಳು. ಎಂಎಂಎ ದುಬಾರಿ, ದೊಡ್ಡ ನಗರದ ಲ್ಯಾಬಿಗೆ ಕಳಿಸಬೇಕು ಎನ್ನುವ ಕಡೆ ಹೋಲೊಟ್ರಾನ್ಸ್‌ಕೋಬಾಲಮಿನ್, ಅಂದರೆ ‘ಆಕ್ಟಿವ್ ಬಿ12’ ಮಾಡಿಸಬಹುದು. ಅದರಲ್ಲಿ ಹಿಡಿಕೆಯಾಗಿ ಬಳಸುವುದು ವಾಹಕ ಪ್ರೋಟೀನಿನ ವಿರುದ್ಧದ ಆಂಟಿಬಾಡಿಯನ್ನು, ಇಂಟ್ರಿನ್ಸಿಕ್ ಫ್ಯಾಕ್ಟರನ್ನಲ್ಲ. ಅದಕ್ಕೂ ಸೂಜಿಯ ಮುಂಚಿನ ರಕ್ತವೇ ಬೇಕು.

ಎಲೈಸಾ ಫಲಕದ ಮುಂದೆ

ಇಂಟ್ರಿನ್ಸಿಕ್ ಫ್ಯಾಕ್ಟರ್ ಎಲೈಸಾದಲ್ಲಿ ಪೈಪೋಟಿ ಇಲ್ಲ. ಗುಣಿಗಳ ತಳಕ್ಕೆ ಶುದ್ಧೀಕರಿಸಿದ ಇಂಟ್ರಿನ್ಸಿಕ್ ಫ್ಯಾಕ್ಟರ್ ಲೇಪಿಸಿರುತ್ತಾರೆ. ರೋಗಿಯ ಆಂಟಿಬಾಡಿ ಅದಕ್ಕೆ ಅಂಟಿದರೆ, ಕಿಣ್ವ ಹಚ್ಚಿದ ಎರಡನೇ ಆಂಟಿಬಾಡಿ ಬಂದು ಅದನ್ನು ಹಿಡಿಯುತ್ತದೆ, ಬಣ್ಣ ಬರುತ್ತದೆ. ಎರಡೂ ಬಗೆಯ ಆಂಟಿಬಾಡಿ ಸಿಗುತ್ತದೆ, ಸೂಜಿಯ ಬಿ12ದ ಕಾಟ ಬಹಳ ಕಡಿಮೆ.

ಕಿಟ್ಟನ್ನು ಫ್ರಿಜ್ಜಿನಿಂದ ತೆಗೆದು ಅರ್ಧ ತಾಸಾದರೂ ಹೊರಗಿಡಬೇಕು. ತಣ್ಣಗಿನ ಫಲಕದಲ್ಲಿ ಶುರು ಮಾಡಿದರೆ ಅಂಚಿನ ಗುಣಿಗಳು ಬೇಗ ಬಿಸಿಯಾಗಿ ನಡುವಿನವು ತಡವಾಗಿ, ಒಂದೇ ಸೀರಮ್ ಎರಡು ಕಡೆ ಎರಡು ಅಂಕಿ ಕೊಡುತ್ತದೆ. ಸೀರಮ್ 10 ಮೈಕ್ರೋಲೀಟರ್, ಬಫರ್ 1 ಮಿ.ಲೀ.; ಸುಮಾರು ನೂರಕ್ಕೊಂದು ಪಾಲು. ಈ ಹಂತದ ಪಿಪೆಟ್ ತಪ್ಪೇ ಕೊನೆಯವರೆಗೂ ಬರುವ ತಪ್ಪು: ತುದಿಯ ಹೊರಗೆ ಅಂಟಿದ ಒಂದು ಹನಿ ಸೀರಮ್ ಒರೆಸದೆ ಬಿಟ್ಟರೆ ಗಡಿಯಲ್ಲಿರುವ ರೋಗಿ ಪಾಸಿಟಿವ್ ಆಗಿಬಿಡಬಹುದು. ದುರ್ಬಲಗೊಳಿಸಿದ ಸೀರಮ್ 100 ಮೈಕ್ರೋಲೀಟರ್ ಗುಣಿಗೆ ಹಾಕಿ 30 ನಿಮಿಷ; ಮೂರು ಸಲ ತೊಳೆತ; ಕಾಂಜುಗೇಟ್ (ಕಿಣ್ವ ಹಚ್ಚಿದ ಎರಡನೇ ಆಂಟಿಬಾಡಿ) 30 ನಿಮಿಷ; ಮತ್ತೆ ಮೂರು ಸಲ ತೊಳೆತ; ಬಣ್ಣ ಬರಿಸುವ ಟಿಎಂಬಿ ಸಬ್‌ಸ್ಟ್ರೇಟ್ ಹಾಕಿ ಕತ್ತಲಲ್ಲಿ; ನೀಲಿ ಬಣ್ಣ ಬಂದ ಮೇಲೆ ಆಮ್ಲ ಹಾಕಿ ನಿಲ್ಲಿಸಿದರೆ ಹಳದಿ; 450 ನ್ಯಾನೋಮೀಟರ್‌ನಲ್ಲಿ ಓದುವುದು. ಸಮಯ, ಪಾಲು ಕಿಟ್ಟಿನಿಂದ ಕಿಟ್ಟಿಗೆ ತುಸು ಬೇರೆ, ಕಿಟ್ಟಿನ ಹಾಳೆಯೇ ಪ್ರಮಾಣ. ಹೆಚ್ಚಿನ ತಪ್ಪು ಆಗುವುದು ತೊಳೆತದಲ್ಲಿ. ಪ್ರತಿ ಸಲ ಗುಣಿ ತುಂಬ ತುಂಬಿಸಿ, ಪೂರ್ತಿ ಚೆಲ್ಲಿ, ಕೊನೆಗೆ ಫಲಕವನ್ನು ಮಗುಚಿ ಟಿಶ್ಯೂ ಮೇಲೆ ಬಡಿಯಬೇಕು. ವಾಷರ್ ಯಂತ್ರದ ಒಂದು ಸೂಜಿ ಕಟ್ಟಿಕೊಂಡರೆ ಫಲಕದಲ್ಲಿ ಒಂದು ಸಾಲು ಪೂರ್ತಿ ಹಳದಿಯಾಗುತ್ತದೆ. ಹಾಗೆ ಸಾಲುಗಟ್ಟಿ ಪಾಸಿಟಿವ್ ಬಂದರೆ ರೋಗಿಗಳನ್ನಲ್ಲ, ವಾಷರನ್ನು ನೋಡಬೇಕು.

ಮೊದಲ ಟ್ಯೂಬಿನ ಸೀರಮ್ ಎರಡೂ ಗುಣಿಗಳಲ್ಲಿ ಕಟಾಫ್‌ನ ಸುಮಾರು 7 ಪಟ್ಟು ಬಂತು. ಯಂತ್ರದ ಬ್ಲಾಕಿಂಗ್ ಪರೀಕ್ಷೆಯೂ ಅದೇ ಟ್ಯೂಬಿನಲ್ಲಿ ಪಾಸಿಟಿವ್. ಸೂಜಿ ಬೀಳುವ ಮುಂಚಿನ ರಕ್ತ, ನಿಜವಾದ ಬಿ12 ನೂರರೊಳಗೆ. ಹಾಗಾಗಿ ಸುಳ್ಳು ಪಾಸಿಟಿವ್ ಎನ್ನುವ ವಾದಕ್ಕೆ ಜಾಗವಿಲ್ಲ. ನಾಲ್ಕನೇ ದಿನದ ಪಾಸಿಟಿವ್ ಕೂಡ ನಿಜವೇ ಆಗಿತ್ತು, ಆದರೆ ಅದೊಂದರಿಂದ ಅದನ್ನು ಹೇಳಲು ಬರುತ್ತಿರಲಿಲ್ಲ.

ಪರೈಟಲ್ ಕೋಶದ ಆಂಟಿಬಾಡಿ: ಎಷ್ಟು ನಂಬಬೇಕು

ಇದನ್ನು ಇಲಿಯ ಜಠರದ ತೆಳು ಛೇದದ ಮೇಲೆ ಫ್ಲೋರೊಸೆನ್ಸ್ ವಿಧಾನದಲ್ಲಿ ನೋಡಿದರು. ಪರೈಟಲ್ ಕೋಶಗಳ ಒಳಗೆಲ್ಲ ಹಸಿರು ಮಿನುಗು, ಸೀರಮನ್ನು 160 ಪಟ್ಟು ತೆಳುಮಾಡಿದರೂ (1:160). ಇಲ್ಲಿ ಹೊಸಬರು ಎಡವುವುದು ಮೈಟೊಕಾಂಡ್ರಿಯಾ ಆಂಟಿಬಾಡಿಯ ಹತ್ತಿರ. ಪರೈಟಲ್ ಕೋಶದಲ್ಲಿ ಮೈಟೊಕಾಂಡ್ರಿಯಾ ತುಂಬಿರುವುದರಿಂದ ಆ ಆಂಟಿಬಾಡಿಗೂ ಇದೇ ಕೋಶಗಳು ಮಿನುಗುತ್ತವೆ. ಆದ್ದರಿಂದ ಅದೇ ಸ್ಲೈಡಿನಲ್ಲಿ ಕಿಡ್ನಿಯ ಛೇದ ಇರಬೇಕು: ಕಿಡ್ನಿಯ ನಾಳಗಳೂ ಮಿನುಗಿದರೆ ಅದು ಮೈಟೊಕಾಂಡ್ರಿಯಾದ್ದು, ಪಿತ್ತಜನಕಾಂಗದ ಬೇರೆಯೇ ಕಾಯಿಲೆಯ ಸುಳಿವು, ಕಿಡ್ನಿ ಕತ್ತಲಾಗಿದ್ದು ಜಠರ ಮಾತ್ರ ಬೆಳಗಿದರೆ ಪರೈಟಲ್ ಕೋಶದ್ದು. ಇವರ ಸ್ಲೈಡಿನಲ್ಲಿ ಕಿಡ್ನಿ ಕತ್ತಲು.

ಆದರೆ ಈ ಪಾಸಿಟಿವ್ ಒಂದೇ ಕೈಯಲ್ಲಿದ್ದರೆ ಏನೂ ತೀರ್ಮಾನವಾಗುತ್ತಿರಲಿಲ್ಲ. ಪರ್ನಿಶಿಯಸ್ ಅನೀಮಿಯಾ ಇರುವವರಲ್ಲಿ ನೂರಕ್ಕೆ ಎಂಬತ್ತು ತೊಂಬತ್ತು ಮಂದಿಗೆ ಇದು ಸಿಗುತ್ತದೆ ನಿಜ. ಆದರೆ ಆರೋಗ್ಯವಂತರಲ್ಲೂ, ಅದರಲ್ಲೂ ವಯಸ್ಸಾದವರಲ್ಲಿ ಕಾಣುತ್ತದೆ. ಥೈರಾಯ್ಡಿನ ಆಟೊಇಮ್ಯೂನ್ ಕಾಯಿಲೆ ಮತ್ತು ಟೈಪ್ 1 ಮಧುಮೇಹದವರಲ್ಲಿ ಇನ್ನೂ ಹೆಚ್ಚು. ಇವರಿಗೆ ಹಾಶಿಮೋಟೊ ಮೊದಲೇ ಇತ್ತು. ಸಸ್ಯಾಹಾರಿ, ಥೈರಾಯ್ಡ್ ರೋಗಿ, ಪರೈಟಲ್ ಪಾಸಿಟಿವ್, ಬಿ12 ಕಡಿಮೆ ಎಂಬ ಸಾವಿರಾರು ಮಂದಿ ನಮ್ಮಲ್ಲಿ ಇರಬಲ್ಲರು. ಅವರೆಲ್ಲರಿಗೂ ಪರ್ನಿಶಿಯಸ್ ಅನೀಮಿಯಾ ಎಂದು ಮುದ್ರೆ ಒತ್ತಲಾಗದು.

ಇಂಟ್ರಿನ್ಸಿಕ್ ಫ್ಯಾಕ್ಟರ್ ಆಂಟಿಬಾಡಿಯದು ತಿರುಗುಮುರುಗು ಲೆಕ್ಕ. ಸಿಕ್ಕರೆ ಬಹುಮಟ್ಟಿಗೆ ಖಚಿತ, ಸುಳ್ಳು ಪಾಸಿಟಿವ್ ತೀರಾ ವಿರಳ. ಆದರೆ ಕಾಯಿಲೆ ಇರುವವರಲ್ಲಿ ಅರ್ಧದಷ್ಟು ಮಂದಿಗೆ, ಅಂದರೆ ನೂರಕ್ಕೆ 40ರಿಂದ 60 ಜನರಿಗೆ ಮಾತ್ರ ಸಿಗುತ್ತದೆ. ನೆಗೆಟಿವ್ ಬಂದರೆ ಕಾಯಿಲೆ ಇಲ್ಲವೆಂದಲ್ಲ. ಈ ಮಾತನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ, ಯಾಕೆಂದರೆ ‘ಆಂಟಿಬಾಡಿ ನೆಗೆಟಿವ್, ಸೂಜಿ ನಿಲ್ಲಿಸಿ’ ಎಂಬ ಒಂದು ಸಾಲು ಮನುಷ್ಯನ ನಡಿಗೆಯನ್ನೇ ಕಸಿಯಬಲ್ಲದು. ಬ್ರಿಟನ್ನಿನ ನೈಸ್ ಸಂಸ್ಥೆ ಮಾರ್ಚ್ 2024ರಲ್ಲಿ ಕೊಟ್ಟ ಮಾರ್ಗಸೂಚಿಯೂ ಇದನ್ನು ಒಪ್ಪುತ್ತದೆ: ನೆಗೆಟಿವ್ ಬಂದ ಮೇಲೂ ಅನುಮಾನ ಉಳಿದರೆ ಪರೈಟಲ್ ಆಂಟಿಬಾಡಿ, ಗ್ಯಾಸ್ಟ್ರಿನ್ (ಜಠರಕ್ಕೆ ಆಮ್ಲ ಸುರಿಸಲು ಹೇಳುವ ಹಾರ್ಮೋನು), ಎಂಡೋಸ್ಕೋಪಿ ಕಡೆಗೆ ಹೋಗಬೇಕು. ಹೀರಿಕೆಯನ್ನೇ ಅಳೆಯುತ್ತಿದ್ದ 1953ರ ಶಿಲ್ಲಿಂಗ್ ಪರೀಕ್ಷೆ ಈಗ ಬಹುತೇಕ ಎಲ್ಲೂ ಸಿಗುವುದಿಲ್ಲ.

ಜಠರದ ಒಳಗೆ

ಪ್ಯಾಂಟೊಪ್ರಜೋಲ್ ನಿಲ್ಲಿಸಿ ಎರಡು ವಾರದ ನಂತರ ಖಾಲಿ ಹೊಟ್ಟೆಯಲ್ಲಿ ಗ್ಯಾಸ್ಟ್ರಿನ್ ನೋಡಿದರು. ಗುಳಿಗೆ ನಡೆಯುತ್ತಿರುವಾಗಲೇ ನೋಡಿದರೆ ಗ್ಯಾಸ್ಟ್ರಿನ್ ಗುಳಿಗೆಯಿಂದ ಏರಿದ್ದೋ ಕಾಯಿಲೆಯಿಂದಲೋ ತಿಳಿಯದು. ಸೀರಮನ್ನು ಬೇಗ ಬೇರ್ಪಡಿಸಿ ಹೆಪ್ಪುಗಟ್ಟಿಸದಿದ್ದರೆ ಗ್ಯಾಸ್ಟ್ರಿನ್ ಕರಗಿ ಸುಳ್ಳು ಕಡಿಮೆ ಬರುತ್ತದೆ. ಬಂದದ್ದು 870 ಪಿಕೋಗ್ರಾಂ. ಮಿತಿ ನೂರರ ಆಸುಪಾಸು. ಆಮ್ಲವೇ ಇಲ್ಲದ ಜಠರ ಆಮ್ಲ ಬೇಕೆಂದು ಕೂಗುತ್ತಿದೆ ಎಂದರ್ಥ. ಅವರ ‘ಗ್ಯಾಸ್’ಗೆ ಆಮ್ಲ ತಡೆಯುವ ಗುಳಿಗೆಯ ಅಗತ್ಯವೇ ಇರಲಿಲ್ಲ, ಅದನ್ನು ಮತ್ತೆ ಶುರು ಮಾಡಲಿಲ್ಲ.

ಎಂಡೋಸ್ಕೋಪಿಯಲ್ಲಿ ಜಠರದ ಮಧ್ಯಭಾಗದ ಮಡಿಕೆಗಳು ಚಪ್ಪಟೆಯಾಗಿ ರಕ್ತನಾಳ ಎದ್ದು ಕಾಣುತ್ತಿದ್ದವು, ಕೆಳಭಾಗ ಸರಿಯಿತ್ತು. ಬಯಾಪ್ಸಿ ತುಣುಕುಗಳನ್ನು ಮಧ್ಯಭಾಗದ್ದು ಒಂದು ಬಾಟಲಿಗೆ, ಕೆಳಭಾಗದ್ದು ಇನ್ನೊಂದಕ್ಕೆ ಹಾಕಿ ಹೆಸರು ಬರೆಯಲೇಬೇಕು. ಎರಡನ್ನೂ ಒಂದೇ ಫಾರ್ಮಲಿನ್ ಬಾಟಲಿಗೆ ಹಾಕಿದರೆ ಮೇಲೆ ಸವೆತ, ಕೆಳಗೆ ಸರಿ ಎನ್ನುವ, ಈ ಕಾಯಿಲೆಯ ಗುರುತಾದ ವ್ಯತ್ಯಾಸವೇ ಕಾಣದೆ ಹೋಗುತ್ತದೆ. ಪೆಥಾಲಜಿ ಹೇಳಿದ್ದು: ಮಧ್ಯಭಾಗದಲ್ಲಿ ಪರೈಟಲ್ ಕೋಶಗಳು ಬಹುತೇಕ ಇಲ್ಲ, ಗ್ಯಾಸ್ಟ್ರಿನ್‌ನ ಒತ್ತಾಯಕ್ಕೆ ಬೆಳೆದ, ಇಸಿಎಲ್ ಎಂಬ ಜಠರದ ಹಾರ್ಮೋನು ಕೋಶಗಳ ಸಾಲು, ಹೆಲಿಕೋಬ್ಯಾಕ್ಟರ್ ಬ್ಯಾಕ್ಟೀರಿಯಾ ಇಲ್ಲ, ಗಡ್ಡೆ ಇಲ್ಲ.

ಲ್ಯಾಬಿನಿಂದ ಹೊರಟ ಟಿಪ್ಪಣಿ

ಅಂಕಿ ಕೊಟ್ಟು ಕೈತೊಳೆದುಕೊಳ್ಳದೆ ಲ್ಯಾಬು ರಿಪೋರ್ಟಿನ ಕೆಳಗೆ ಹೀಗೆ ಬರೆಯಿತು: “ಮೊದಲ ದಿನದ ಬಿ12 412 ಎಂಬುದು ಇಂಟ್ರಿನ್ಸಿಕ್ ಫ್ಯಾಕ್ಟರ್ ಆಂಟಿಬಾಡಿಯ ಅಡ್ಡಿಯಿಂದ ಬಂದ ತಪ್ಪು ಫಲಿತಾಂಶ. ಪಿಇಜಿ ನಂತರ ಅಂದಾಜು 92. ಎಂಎಂಎ ಕೊರತೆಯನ್ನು ದೃಢಪಡಿಸುತ್ತದೆ. ಆಂಟಿಬಾಡಿ ಪರೀಕ್ಷೆ ಬಿ12 ಸೂಜಿಗೆ ಮುಂಚಿನ ಸೀರಮ್‌ನಲ್ಲಿ ಎರಡು ವಿಧಾನದಿಂದ ಪಾಸಿಟಿವ್. ಈ ರೋಗಿಯಲ್ಲಿ ಮುಂದೆ ಬಿ12 ಮಟ್ಟ ಅಳೆದು ಚಿಕಿತ್ಸೆ ನಿರ್ಧರಿಸಬಾರದು.” ಕೊನೆಯ ಸಾಲಿನ ತೂಕ ದೊಡ್ಡದು. ಎರಡು ವರ್ಷದ ನಂತರ ಬೇರೆ ಊರಿನ ಯಾವುದೋ ಲ್ಯಾಬಿನಲ್ಲಿ ‘ಬಿ12 ಹೆಚ್ಚಿದೆ’ ಎಂದು ಬಂದಾಗ ಸೂಜಿ ನಿಲ್ಲದಂತೆ ಕಾಯುವುದು ಆ ಸಾಲೇ.

ಚಿಕಿತ್ಸೆ ಮತ್ತು ನಂತರ

ನರದ ಲಕ್ಷಣ ಇದ್ದುದರಿಂದ ಹೈಡ್ರಾಕ್ಸೊಕೋಬಾಲಮಿನ್ 1000 ಮೈಕ್ರೋಗ್ರಾಂ ದಿನ ಬಿಟ್ಟು ದಿನ, ಸ್ನಾಯುವಿಗೆ. ಸುಧಾರಣೆ ಒಂದು ಹಂತಕ್ಕೆ ನಿಲ್ಲುವವರೆಗೆ ಹಾಗೆಯೇ, ಆಮೇಲೆ ಎರಡು ತಿಂಗಳಿಗೊಂದು, ಜೀವನಪೂರ್ತಿ. ಇದು ಶುರುವಾದದ್ದು ಐದನೇ ದಿನ, ಯಾವ ಆಂಟಿಬಾಡಿ ರಿಪೋರ್ಟಿಗೂ ಕಾಯದೆ. ಫೋಲಿಕ್ ಆಮ್ಲ ಒಂದನ್ನೇ ಕೊಡಲಿಲ್ಲ: ಅದರಿಂದ ಹಿಮೋಗ್ಲೋಬಿನ್ ಏರುತ್ತದೆ, ನರ ಕುಸಿಯುತ್ತಲೇ ಹೋಗುತ್ತದೆ. ಫೋಲೇಟ್ ಕೊರತೆ, ಬಿ12 ಕೊರತೆ ಬೇರೆ ಬೇರೆ ಎಂಬ ಅರಿವಿಗೆ ದಾರಿ ತೆರೆದದ್ದು ಭಾರತದಲ್ಲಿ ನಡೆದ ಕೆಲಸವೇ. 1931ರಲ್ಲಿ ಬ್ರಿಟಿಷ್ ವೈದ್ಯೆ ಲೂಸಿ ವಿಲ್ಸ್ ಮುಂಬೈಯ ಬಸುರಿ ಹೆಂಗಸರ ರಕ್ತಹೀನತೆ ಫೋಲೇಟ್ ಇರುವ ಯೀಸ್ಟ್ ಸಾರದಿಂದ ಗುಣವಾಗುತ್ತದೆ ಎಂದು ತೋರಿಸಿದರು.

ಹಿಮೋಗ್ಲೋಬಿನ್ 8.1 ಇದ್ದರೂ ಉಸಿರು, ಎದೆಬಡಿತ ಸ್ಥಿರವಾಗಿದ್ದರಿಂದ ರಕ್ತ ಏರಿಸಲಿಲ್ಲ. ಮೂರನೇ ಸೂಜಿಯ ಹೊತ್ತಿಗೆ ಪೊಟ್ಯಾಸಿಯಂ 3.9ರಿಂದ 3.2ಕ್ಕೆ ಇಳಿಯಿತು, ಸಿರಪ್ ಕೊಟ್ಟರು. ಮಜ್ಜೆ ಒಮ್ಮೆಲೇ ಎಚ್ಚೆತ್ತು ಹೊಸ ಕಣಗಳಿಗೆ ಪೊಟ್ಯಾಸಿಯಂ ಎಳೆದುಕೊಳ್ಳುವುದರಿಂದ ಮೊದಲ ವಾರ ಇದನ್ನು ನೋಡುತ್ತಿರಬೇಕು. ಏಳನೇ ದಿನ ರೆಟಿಕ್ಯುಲೊಸೈಟ್ 14%. ಮೂರು ವಾರಕ್ಕೆ ಹಿಮೋಗ್ಲೋಬಿನ್ 9.9. ಆಮೇಲೆ ಗಾಡಿ ನಿಂತಿತು; ಎಂಟನೇ ವಾರಕ್ಕೂ 10.6. ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಮೊದಲು 38 ಇದ್ದದ್ದು ಈಗ 9. ಬಿ12 ಕೊರತೆಯಲ್ಲಿ ಬಳಕೆಯಾಗದೆ ಕೂತಿದ್ದ ಕಬ್ಬಿಣ ಚಿಕಿತ್ಸೆ ಶುರುವಾದ ಮೇಲೆ ಖರ್ಚಾಗಿ ನಿಜವಾದ ಬಡತನ ಹೊರಬಿತ್ತು. ಆಮ್ಲವಿಲ್ಲದ ಜಠರದಿಂದ ಕಬ್ಬಿಣದ ಗುಳಿಗೆ ಸರಿಯಾಗಿ ಹೀರುವುದಿಲ್ಲವಾದ್ದರಿಂದ ರಕ್ತನಾಳದ ಮೂಲಕ ಕೊಟ್ಟರು. ಹದಿನಾಲ್ಕನೇ ವಾರ 12.8. ಟಿಎಸ್‌ಎಚ್ 6.8 ಇದ್ದದ್ದಕ್ಕೂ ಇದೇ ಜಠರ ಒಂದು ಕಾರಣವಿರಬಹುದು, ಲೆವೊಥೈರಾಕ್ಸಿನ್ ಕರಗಲೂ ಆಮ್ಲ ಬೇಕು. ಗುಳಿಗೆ 88 ಮೈಕ್ರೋಗ್ರಾಂಗೆ ಏರಿತು.

ಆಂಟಿಬಾಡಿಯನ್ನು ಮತ್ತೆ ಅಳೆಯಲಿಲ್ಲ. ಅದರ ಏರಿಳಿತಕ್ಕೂ ಚಿಕಿತ್ಸೆಗೂ ಸಂಬಂಧವಿಲ್ಲ, ರೋಗಿಯ ದುಡ್ಡು ಹಾಳು. ಎಂಡೋಸ್ಕೋಪಿ ಮೂರು ವರ್ಷಕ್ಕೆ ಮತ್ತೊಮ್ಮೆ, ಇಸಿಎಲ್ ಕೋಶಗಳಿಂದ ಗಡ್ಡೆ ಹುಟ್ಟಿದೆಯೇ ನೋಡಲು. ಥೈರಾಯ್ಡ್ ಇರುವ ಅವರ ತಂಗಿಗೆ ರಕ್ತಕಣ ಎಣಿಕೆ, ಬಿ12 ಮಾಡಿಸಲು ಹೇಳಿದ್ದಾರೆ. ಯಾವ ಸೂಜಿಯನ್ನೂ ಹಾಕಿಸಿಕೊಳ್ಳುವ ಮುಂಚೆ.

ಆರನೇ ತಿಂಗಳಲ್ಲಿ ಬಲಗಾಲಿನ ಹೆಬ್ಬೆರಳಿಗೆ ಟ್ಯೂನಿಂಗ್ ಫೋರ್ಕಿನ ಕಂಪನ 4 ಸೆಕೆಂಡು ತಿಳಿಯುತ್ತಿತ್ತು, ಎಡಗಾಲಿಗೆ ಇನ್ನೂ ಇಲ್ಲ. ಮುಖ ತೊಳೆಯುವಾಗ ನಲ್ಲಿ ಹಿಡಿಯುವುದು ತಪ್ಪಿದೆ. ಬೆರಳಿಗೆ ಹಿಟ್ಟು ತಿಳಿಯುತ್ತಿದೆ, ರೊಟ್ಟಿ ದುಂಡಗೆ ಬರುತ್ತಿದೆ. ನೂರೈವತ್ತಲ್ಲ, ಸದ್ಯಕ್ಕೆ ಎಂಬತ್ತು.